ಹಳೆಯ ಲ್ಯಾಪ್‌ಟಾಪಿಗೆ ಇನ್ನೂ ಆಯುಷ್ಯವಿದೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಕೇಳಿಕೊಂಡವರಿಗೆ ಒಂದು ವರ್ಷದ ಕಾಲಾವಕಾಶ ದೊರೆಯಿತಾದರೂ, ವಿಂಡೋಸ್ 11 ಬಯಸುವ ಸಲಕರಣೆ ಇಲ್ಲದ ಲ್ಯಾಪ್‌ಟಾಪುಗಳ ಹಣೆಬರಹವನ್ನು ಅಂದೇ ಬರೆದಂತಾಯಿತು. ಹಾವೇರಿ, ರಾಣೆಬೆನ್ನೂರಿನ ಕಾಲೇಜುಗಳಿಗೆ ಬಸ್ಸಿನಲ್ಲಿ ಹೋಗಿಬರುವ ನಮ್ಮ ವಿದ್ಯಾರ್ಥಿಗಳ ಚೀಲದಲ್ಲಿರುವುದು ಹೆಚ್ಚಾಗಿ ಇಂಥವೇ: ಅಣ್ಣ ಬಳಸಿ ಬಿಟ್ಟದ್ದು, ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಇವು ಕೆಟ್ಟಿಲ್ಲ, ಕೆಟ್ಟವೆಂದು ನಮ್ಮನ್ನು ನಂಬಿಸಲಾಗುತ್ತಿದೆ.

ಈ ಪತ್ರಿಕೆಯ ಪುಟ ಕಟ್ಟುವ ಲ್ಯಾಪ್‌ಟಾಪೂ ಅದೇ ಸಾಲಿನದು. ತೆರೆದುಕೊಳ್ಳಲು ಐದಾರು ನಿಮಿಷ ಬೇಕಾಗುತ್ತಿತ್ತು. ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದಾಗ ‘ಗುಜರಿಗೆ ಹಾಕಿ, ಹೊಸದು ತಗೊಳ್ರಿ’ ಎಂಬ ಸಲಹೆ ಬಂತು. ಕೊನೆಗೆ ಅದನ್ನು ಬಿಚ್ಚಿದವನು ಬ್ಯಾಡಗಿಯ ಒಬ್ಬ ವಿದ್ಯಾರ್ಥಿ. ಫ್ಯಾನಿನ ತುಂಬ ದೂಳು. ‘ನಮ್ಮೂರಿನದಾಗಿದ್ದರೆ ಕೆಂಪಗಿರುತ್ತಿತ್ತು’ ಎಂದು ನಕ್ಕ.

ನಿಜವಾದ ತೊಡಕು ಇದ್ದದ್ದು ಹಾರ್ಡ್‌ಡಿಸ್ಕಿನಲ್ಲಿ. ಅದರೊಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗಬೇಕು, ಓದುವ ತೋಳು ಅದರ ಮೇಲೆ ಅತ್ತಿತ್ತ ಓಡಾಡಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. 2.5 ಅಂಗುಲದ ಸಾಟಾ ಎಸ್‌ಎಸ್‌ಡಿಯು ಹಳೆಯ ಡಿಸ್ಕಿನ ಜಾಗದಲ್ಲಿಯೇ ಕೂಡುತ್ತದೆ. ಬೇಕಾದದ್ದು ಒಂದು ಸಣ್ಣ ಸ್ಕ್ರೂ ಡ್ರೈವರ್, ಒಂದಿಷ್ಟು ತಾಳ್ಮೆ. ಮೊದಲು ಕಡತಗಳನ್ನು ಬೇರೆಡೆ ಉಳಿಸಿಕೊಳ್ಳಬೇಕು. ಚಾರ್ಜರ್ ಕಿತ್ತು, ಬ್ಯಾಟರಿಯ ಸಂಪರ್ಕ ತಪ್ಪಿಸಿದ ಮೇಲೆಯೇ ಒಳಗೆ ಕೈ ಹಾಕಬೇಕು.

ಬಳಿಕ ಕಾರ್ಯಾಚರಣ ವ್ಯವಸ್ಥೆ. 8 ಜಿಬಿಯ ಪೆನ್‌ಡ್ರೈವಿಗೆ ಲಿನಕ್ಸ್ ಮಿಂಟ್ ಹಾಕಿಕೊಂಡೆವು. ಅದಕ್ಕೆ ಹಣವಿಲ್ಲ, ಪರವಾನಗಿಯ ಕಾಟವಿಲ್ಲ, 4 ಜಿಬಿ ರ‍್ಯಾಮ್ ಸಾಕು. ಸ್ಥಾಪಿಸುವ ಮುನ್ನ ಪೆನ್‌ಡ್ರೈವಿನಿಂದಲೇ ನಡೆಸಿ, ವೈಫೈ, ಧ್ವನಿ ಸರಿಯಿವೆಯೇ ಎಂದು ನೋಡಬಹುದು. ಇದೊಂದು ದೊಡ್ಡ ಅನುಕೂಲ.

ಕನ್ನಡದ ಗತಿಯೇನು ಎಂದು ಕೇಳುವವರಿದ್ದಾರೆ. ನುಡಿಯಲ್ಲಿ ಕೈ ಪಳಗಿದವರಿಗೆ ಅದೇ ಕೀಲಿಮಣೆ ವಿನ್ಯಾಸ ಇಲ್ಲಿಯೂ ಉಂಟು. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಅಕ್ಷರಶೈಲಿಗಳೂ ಇವೆ. ನಮ್ಮಂಥವರಿಗೆ ಹೆಸರೇ ಸಾಕು! ಆದರೆ ಯೂನಿಕೋಡಿಗೆ ಮುಂಚಿನ ನುಡಿ ಕಡತಗಳು ಕಲಸುಮೇಲೋಗರವಾಗಿ ಕಾಣುತ್ತವೆ, ಪರಿವರ್ತಿಸಿಕೊಳ್ಳಲೇಬೇಕು. ನಮಗೆ ಅದಕ್ಕೆ ಎರಡು ದಿನ ಹಿಡಿಯಿತು. ವಿಂಡೋಸ್‌ನಲ್ಲಿ ಮಾತ್ರ ನಡೆಯುವ ತಂತ್ರಾಂಶವನ್ನೇ ನಂಬಿದವರು ಎರಡು ಬಾರಿ ಯೋಚಿಸುವುದೂ ಒಳಿತು.

ಇಷ್ಟೆಲ್ಲ ಏಕೆ? 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಸಿದ್ದೆಂದು ದಾಖಲಾದದ್ದು ಅದರಲ್ಲಿ ಶೇ. 22.3 ಮಾತ್ರ. ಲ್ಯಾಪ್‌ಟಾಪಿನ ಇಂಗಾಲದ ಹೊರೆಯ ಬಹುಪಾಲು ಗಣಿ, ಕಾರ್ಖಾನೆಗಳಲ್ಲೇ ಬಿದ್ದಿರುತ್ತದೆ, ನಾವು ಸುಡುವ ಕರೆಂಟಿನಲ್ಲಲ್ಲ. ಆದ್ದರಿಂದ ಇದ್ದದ್ದನ್ನೇ ನಾಲ್ಕು ವರ್ಷ ಹೆಚ್ಚು ನಡೆಸುವುದು ‘ಹಸಿರು’ ಚೀಟಿ ಅಂಟಿಸಿದ ಹೊಸ ಯಂತ್ರ ಕೊಳ್ಳುವುದಕ್ಕಿಂತ ಮೇಲು.

ತೆಗೆದ ಹಾರ್ಡ್‌ಡಿಸ್ಕನ್ನು ಒಂದು ಯುಎಸ್‌ಬಿ ಕೇಸಿಗೆ ಸೇರಿಸಿ, ಹಳೆಯ ಸಂಚಿಕೆಗಳ ಪ್ರತಿಗಳನ್ನು ಅದರಲ್ಲಿಟ್ಟಿದ್ದೇವೆ. ನಿಮ್ಮದು ಪೂರ್ತಿ ಸತ್ತಿದ್ದರೂ ಗುಜರಿಯವನ ತಕ್ಕಡಿಗೆ ಹಾಗೆಯೇ ಇಡಬೇಡಿ. ಮಾರ್ಕ್ಸ್‌ಕಾರ್ಡು, ಆಧಾರ್ ಪ್ರತಿ ಅದರೊಳಗೆ ಇನ್ನೂ ಇದ್ದಾವು.