ಲಾಂಛನ ಮತ್ತು ಕಳಂಕ: ಹಂಗೇರಿಯ ರಾಷ್ಟ್ರಚಿಹ್ನೆಗಳನ್ನು ಓದುವ ಬಗೆ

'ಲಾಂಛನ' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಗುರುತು ಎಂಬುದು ಒಂದು. ಕಲೆ ಅಥವಾ ಕಳಂಕ ಎಂಬುದು ಇನ್ನೊಂದು. ಜಿನಬಿಂಬದ ಪೀಠದಲ್ಲಿ ಕಂಡರಿಸಿದ ವೃಷಭವೂ ಸಿಂಹವೂ ಲಾಂಛನ. ಚಂದ್ರಬಿಂಬದ ಮೇಲಿನ ಕಪ್ಪು ಕೂಡ ಲಾಂಛನವೇ. ಪ್ರಾಚೀನ ಕವಿಗಳು ಚಂದ್ರನನ್ನು ಶಶಲಾಂಛನನೆಂದು ಕರೆದಾಗ ಈ ಎರಡೂ ಅರ್ಥಗಳು ಒಟ್ಟಿಗೆ ನಿಲ್ಲುತ್ತವೆ. ಚಂದ್ರನ ಗುರುತಾಗಿರುವುದು ಅವನ ಕಲೆಯೇ. ಆಧುನಿಕ ರಾಷ್ಟ್ರಗಳು ತಮ್ಮ ಲಾಂಛನಗಳಲ್ಲಿ ಮೊದಲನೆಯ ಅರ್ಥವನ್ನು ಮಾತ್ರ ಉಳಿಸಿಕೊಂಡು ಎರಡನೆಯದನ್ನು ಅಳಿಸಲು ಬಯಸುತ್ತವೆ. ಈ ಬಯಕೆ ಎಷ್ಟು ಅನೈತಿಹಾಸಿಕವಾದುದು ಎಂಬುದನ್ನು ತಿಳಿಯಲು ಹಂಗೇರಿಯ ರಾಷ್ಟ್ರಚಿಹ್ನೆಗಳು ಒಳ್ಳೆಯ ನಿದರ್ಶನ.

ಆ ಚಿಹ್ನೆಗಳಲ್ಲಿ ಅಗ್ರಸ್ಥಾನ ಪವಿತ್ರ ಕಿರೀಟದ್ದು. ಸುಮಾರು ಕ್ರಿ.ಶ. 1000ದಲ್ಲಿ ಪಟ್ಟವೇರಿದ ಹಂಗೇರಿಯ ಮೊದಲ ಕ್ರೈಸ್ತ ಅರಸು ಸಂತ ಸ್ಟೀಫನ್‌ಗೆ (ಹಂಗೇರಿಯನ್ನರಿಗೆ ಆತ ಇಶ್ತ್ವಾನ್) ಪೋಪ್ ಎರಡನೆಯ ಸಿಲ್ವೆಸ್ಟರ್ ಕಳುಹಿಸಿದ ಕಿರೀಟವೇ ಇದೆಂಬುದು ಪರಂಪರೆಯ ನಂಬಿಕೆ. ಕಿರೀಟ ತಾನೇ ಹೇಳುವ ಕಥೆ ಬೇರೆ. ಅದರ ಕೆಳಗಿನ ಪಟ್ಟಿ ಬೈಜಾಂಟಿಯಂನ ಕೆಲಸ, ಬರಹಗಳು ಗ್ರೀಕಿನಲ್ಲಿವೆ. ಅಲ್ಲಿ ಚಿತ್ರಿತನಾಗಿರುವ ಸಾಮ್ರಾಟ ಏಳನೆಯ ಮೈಕೇಲ್ ಡೂಕಾಸ್ ಆಳಿದ್ದು 1071ರಿಂದ 1078ರವರೆಗೆ, ಅಂದರೆ ಸ್ಟೀಫನ್ ತೀರಿಕೊಂಡ ಹಲವು ದಶಕಗಳ ಅನಂತರ. ಮೇಲಿನ ಅಡ್ಡಪಟ್ಟಿಗಳ ಅಪೊಸ್ತಲರ ಹೆಸರುಗಳು ಲ್ಯಾಟಿನ್‌ನಲ್ಲಿವೆ. ಶಿಖರದಲ್ಲಿರುವ ಶಿಲುಬೆಯನ್ನು ಅಲ್ಲಿದ್ದ ಕ್ರಿಸ್ತನ ಚಿತ್ರಫಲಕವನ್ನೇ ತೂತುಮಾಡಿ ನಿಲ್ಲಿಸಲಾಗಿದೆ. ಅದೂ ಯಾವುದೋ ಪೆಟ್ಟಿಗೆ ಸಿಕ್ಕಿ ಒಂದು ಬದಿಗೆ ಬಾಗಿದೆ. ಪೂರ್ವ ಮತ್ತು ಪಶ್ಚಿಮದ ಎರಡು ಕ್ರೈಸ್ತ ಲೋಕಗಳು, ಎರಡು ಲಿಪಿಗಳು, ಒಂದು ಗಾಯ ಸೇರಿ ಆದ ವಸ್ತುವಿದು. ವಿಶೇಷವೆಂದರೆ ಹಂಗೇರಿಯನ್ನರು ಆ ಶಿಲುಬೆಯನ್ನು ನೆಟ್ಟಗೆ ಮಾಡಲಿಲ್ಲ. ಇಂದಿನ ರಾಜಮುದ್ರೆಯ ಮೇಲಿನ ಕಿರೀಟದಲ್ಲಿಯೂ ಶಿಲುಬೆಯನ್ನು ಬಾಗಿದಂತೆಯೇ ಬಿಡಿಸಲಾಗುತ್ತದೆ. ಕಳಂಕವೇ ಗುರುತಾದ ಅಪೂರ್ವ ಉದಾಹರಣೆಯಿದು.

ಈ ಕಿರೀಟದ ಚರಿತ್ರೆ ಅದರ ರಚನೆಯಷ್ಟೇ ಬಾಗುಬಳುಕಿನದು. 1849ರಲ್ಲಿ ಸ್ವಾತಂತ್ರ್ಯ ಸಮರ ಸೋತಾಗ ಅದನ್ನು ಒರ್ಶೋವಾ ಬಳಿ ನೆಲದಲ್ಲಿ ಹೂಳಲಾಯಿತು; 1853ರಲ್ಲಿ ಅದು ಮತ್ತೆ ಸಿಕ್ಕಿತು. 1920ರಿಂದ 1944ರವರೆಗೆ ಹೋರ್ತಿ ರಾಜಪ್ರತಿನಿಧಿಯಾಗಿದ್ದ ಕಾಲದಲ್ಲಿ ಹಂಗೇರಿ ಅರಸನಿಲ್ಲದ ಅರಸೊತ್ತಿಗೆಯಾಗಿತ್ತು, ತಲೆಯಿಲ್ಲದಿದ್ದರೂ ಕಿರೀಟವಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೇನೆಯ ವಶವಾದ ಅದು ವರ್ಷಗಟ್ಟಲೆ ಫೋರ್ಟ್ ನಾಕ್ಸ್‌ನಲ್ಲಿದ್ದು, 1978ರ ಜನವರಿ 6ರಂದು ಬುಡಾಪೆಸ್ಟ್‌ಗೆ ಮರಳಿತು. 2000ದ ಜನವರಿ 1ರಂದು ಅದನ್ನು ವಸ್ತುಸಂಗ್ರಹಾಲಯದಿಂದ ಸಂಸತ್ ಭವನಕ್ಕೆ ಒಯ್ಯಲಾಯಿತು. ಈ ಕೊನೆಯ ಪಯಣದ ದೂರ ಅತ್ಯಲ್ಪ. ಅರ್ಥದ ಅಂತರ ದೊಡ್ಡದು. ವಸ್ತುಸಂಗ್ರಹಾಲಯದಲ್ಲಿ ಕಿರೀಟ ಅಧ್ಯಯನದ ವಸ್ತು. ಸಂಸತ್ತಿನಲ್ಲಿ ಅದು ಅಧಿಕಾರದ ಸಾಕ್ಷಿ. 2012ರಲ್ಲಿ ಜಾರಿಗೆ ಬಂದ ಮೂಲಭೂತ ಕಾನೂನಿನ ಪೀಠಿಕೆ ಈ ಕಿರೀಟವನ್ನು ಸಂವಿಧಾನಾತ್ಮಕ ನಿರಂತರತೆಯ ಮೂರ್ತರೂಪವೆಂದು ಗೌರವಿಸುತ್ತದೆ. ಇಷ್ಟೊಂದು ಭಂಗಗಳನ್ನು ಕಂಡ ವಸ್ತುವಿನಲ್ಲಿ ನಿರಂತರತೆಯನ್ನು ಮಾತ್ರ ಕಾಣುವುದು ಏಕಪಕ್ಷೀಯವಾದ ಓದು.

ರಾಜಮುದ್ರೆಯ ಗುರಾಣಿಯದೂ ಇಂಥದೇ ಕಥೆ. ಅದರ ಒಂದು ಪಾರ್ಶ್ವದಲ್ಲಿ ಕೆಂಪು ಮತ್ತು ಬೆಳ್ಳಿಯ ಪಟ್ಟಿಗಳಿವೆ. ಇನ್ನೊಂದರಲ್ಲಿ ಮೂರು ಹಸಿರು ಗುಡ್ಡಗಳ ಮೇಲೆ ಎರಡು ಅಡ್ಡತೋಳುಗಳ ಬೆಳ್ಳಿಯ ಶಿಲುಬೆ. ನಾಲ್ಕು ಬೆಳ್ಳಿಯ ಪಟ್ಟಿಗಳೆಂದರೆ ಡಾನ್ಯೂಬ್, ತಿಸಾ, ದ್ರಾವಾ, ಸಾವಾ ನದಿಗಳು, ಮೂರು ಗುಡ್ಡಗಳೆಂದರೆ ತಾತ್ರಾ, ಮಾತ್ರಾ, ಫಾತ್ರಾ ಎಂಬ ವಿವರಣೆ ಜನಪ್ರಿಯವಾಗಿದೆ. ಚಿತ್ರ ಮೊದಲು ಹುಟ್ಟಿ ವ್ಯಾಖ್ಯಾನ ಆಮೇಲೆ ಬಂದುದಕ್ಕೆ ಇದು ಸಾಕ್ಷಿ. ಮೂಲಪಾಠಕ್ಕೆ ಹೊಸೆದ ಟೀಕೆಯೇ ಕಾಲಕ್ರಮದಲ್ಲಿ ಮೂಲಪಾಠವೆನಿಸುವ ಪ್ರಸಂಗ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದಲ್ಲ. 1920ರ ತ್ರಿಯಾನಾನ್ ಒಪ್ಪಂದದಲ್ಲಿ ಹಂಗೇರಿ ತನ್ನ ನೆಲದ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿತು. ತಾತ್ರಾ, ಫಾತ್ರಾಗಳು ಗಡಿಯಾಚೆ ಉಳಿದವು. ಅಲ್ಲಿಂದ ಮುಂದೆ ಆ ಗುಡ್ಡಗಳು ಕಳೆದುಹೋದ ನೆಲದ ನೆನಪಾದವು. ಆದರೆ ಇಂದಿನ ಸ್ಲೊವಾಕಿಯಾದ ರಾಜಮುದ್ರೆಯಲ್ಲಿಯೂ ಅದೇ ಜೋಡಿತೋಳಿನ ಶಿಲುಬೆ, ಅವೇ ಮೂರು ಗುಡ್ಡಗಳಿವೆ. ಗುಡ್ಡಗಳ ಬಣ್ಣ ಮಾತ್ರ ನೀಲಿ. ನೆರೆಯ ಎರಡು ರಾಷ್ಟ್ರಗಳು ಒಂದೇ ಹಳೆಯ ಚಿಹ್ನೆಯನ್ನು ತಮ್ಮದೆನ್ನುತ್ತವೆ. ಎರಡರ ಮಾತೂ ಸುಳ್ಳಲ್ಲ. ಆದರೆ 'ನಮ್ಮದು ಮಾತ್ರ' ಎಂದೊಡನೆ ಎರಡೂ ಸುಳ್ಳಾಗುತ್ತವೆ. ಇದನ್ನು ಅರಿಯಲು ಅನೇಕಾಂತದ ದೃಷ್ಟಿಗಿಂತ ಬೇರೆ ಸಾಧನ ಬೇಕಿಲ್ಲ.

ಲಾಂಛನದ ಮೇಲೆ ಪ್ರಭುತ್ವದ ಹಕ್ಕು ಎಷ್ಟರದು ಎಂಬ ಪ್ರಶ್ನೆಗೆ 1956 ಉತ್ತರ ಕೊಟ್ಟಿತು. 1949ರಲ್ಲಿ ಕಮ್ಯುನಿಸ್ಟ್ ಸರಕಾರ ಹಳೆಯ ಗುರಾಣಿಯನ್ನು ತೆಗೆದು, ಸುತ್ತಿಗೆ, ಗೋಧಿತೆನೆ, ಕೆಂಪು ನಕ್ಷತ್ರಗಳ ಸೋವಿಯತ್ ಮಾದರಿಯ ಮುದ್ರೆಯನ್ನು ಕೆಂಪು, ಬಿಳಿ, ಹಸಿರು ಧ್ವಜದ ನಡುವೆ ಇರಿಸಿತ್ತು. ಬುಡಾಪೆಸ್ಟ್‌ನ ವಿದ್ಯಾರ್ಥಿಗಳು ಮುಂದಿಟ್ಟ ಬೇಡಿಕೆಗಳಲ್ಲಿ, 1849ರ ಸ್ವಾತಂತ್ರ್ಯ ನಾಯಕನ ಹೆಸರು ಹೊತ್ತ, ಕಿರೀಟವಿಲ್ಲದ ಕೊಶುತ್ ಮುದ್ರೆ ಮರಳಿ ಬರಬೇಕೆಂಬುದೂ ಒಂದು. ಅಕ್ಟೋಬರ್ 23ರಂದು ಬೀದಿಗಿಳಿದ ಜನ ಕಾನೂನಿಗಾಗಿ ಕಾಯಲಿಲ್ಲ; ಧ್ವಜದ ನಡುವಿನ ಮುದ್ರೆಯನ್ನು ಕತ್ತರಿಸಿ ಎಸೆದರು. ನಡುವೆ ತೂತಿದ್ದ ಆ ಬಾವುಟ ಕ್ರಾಂತಿಯ ಚಿಹ್ನೆಯಾಯಿತು. ಯಾವ ಕಲಾವಿದನೂ ರಚಿಸದ, ಯಾವ ಶಾಸನಸಭೆಯೂ ಒಪ್ಪಿಗೆ ಕೊಡದ ಲಾಂಛನವದು. ಸೋವಿಯತ್ ಟ್ಯಾಂಕುಗಳು ನವೆಂಬರಿನಲ್ಲಿ ಕ್ರಾಂತಿಯನ್ನು ಅಡಗಿಸಿದವು. ಮರುವರ್ಷ ಹೊಸ ಸರಕಾರವೂ ಹಳೆಯ ಮುದ್ರೆಯನ್ನು ಬದಲಿಸಿತು. ಧ್ವಜದ ನಡುಭಾಗವನ್ನು ಖಾಲಿಯಾಗಿಯೇ ಬಿಟ್ಟಿತು.

1990ರಲ್ಲಿ ಸ್ವತಂತ್ರ ಸಂಸತ್ತಿನ ಮುಂದೆ ಮತ್ತೆ ಇದೇ ಪ್ರಶ್ನೆ ಬಂದಿತು. ಗಣರಾಜ್ಯದ ನೆನಪಿನ ಕೊಶುತ್ ಮುದ್ರೆಯೋ ಸಾವಿರ ವರ್ಷಗಳ ನೆನಪಿನ ಕಿರೀಟದ ಮುದ್ರೆಯೋ ಎಂಬ ವಾದ ನಡೆದು, ಜುಲೈ 3ರಂದು ಕಿರೀಟ ಗೆದ್ದಿತು. ಅರಸನಿಲ್ಲದ ಗಣರಾಜ್ಯ ತಲೆಯ ಮೇಲೆ ಕಿರೀಟ ಧರಿಸಿತು. ಇದನ್ನು ಅಸಂಗತವೆಂದು ತಳ್ಳಿಹಾಕಬೇಕಿಲ್ಲ. ಆದರೆ ಸೋತ ಪಾಠವೂ ಪಾಠವೇ ಎಂಬುದನ್ನು ಮರೆಯಬಾರದು.

ಶುದ್ಧ ಮೂಲದ ಹಂಬಲ ಎದ್ದು ಕಾಣುವುದು ತುರುಲ್ ಎಂಬ ಪೌರಾಣಿಕ ಹಕ್ಕಿಯಲ್ಲಿ. ಸುಮಾರು 1200ರ ಲ್ಯಾಟಿನ್ ಕೃತಿ 'ಗೆಸ್ತಾ ಹುಂಗಾರೋರುಂ'ನಲ್ಲಿ ಎಮೆಶೆ ಎಂಬಾಕೆಯ ಕನಸಿಗೆ ತುರುಲ್ ಬಂದು ಅರಸುಮನೆತನದ ಉದಯವನ್ನು ಸೂಚಿಸುತ್ತದೆ. ತೀರ್ಥಂಕರರ ಜನನಿಯರು ಕಾಣುವ ಮಂಗಲಸ್ವಪ್ನಗಳನ್ನು ಓದಿದವರಿಗೆ ಈ ಕಥನಮಾದರಿ ಅಪರಿಚಿತವೆನಿಸದು. ಆ ಸ್ವಪ್ನದ ಹಕ್ಕಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ರಾಷ್ಟ್ರೀಯತೆ ಕಂಚಿನಲ್ಲಿ ಎರಕ ಹೊಯ್ದು ಬೆಟ್ಟಕೋಟೆಗಳ ಮೇಲೆ ಕೂರಿಸಿತು. ತಾತಾಬಾನ್ಯಾದ ಬೃಹತ್ ತುರುಲ್ 1907ರದು. ಇಂದು ಉಕ್ರೇನ್‌ನಲ್ಲಿರುವ ಮುಕಾಚೆವೊ ಕೋಟೆಯ ತುರುಲ್ ಪ್ರತಿಮೆಯನ್ನು 2022ರಲ್ಲಿ ಕೆಳಗಿಳಿಸಲಾಯಿತು. ಕನಸಿನಲ್ಲಿ ವಂಶೋದಯವನ್ನು ಸಾರಿದ ಹಕ್ಕಿ, ಕಂಚಾದ ಮೇಲೆ ಗಡಿಕಲ್ಲಾಯಿತು.

ಇದೇ ಮೂಲದ ಹಂಬಲ ಇನ್ನೊಂದು ದಾರಿಯನ್ನೂ ತೋರಿತ್ತು. ಹಂಗೇರಿಯನ್ನರ ಪೂರ್ವಜರನ್ನು ಅರಸುತ್ತ ಏಷ್ಯಾಕ್ಕೆ ಹೊರಟ ಚೋಮಾ ದೆ ಕೊರೊಶ್ ಲಡಾಖಿನ ಕಡೆಯ ಮಠಗಳಲ್ಲಿ ಟಿಬೆಟನ್ ಕಲಿತು, 1834ರಲ್ಲಿ ಕಲ್ಕತ್ತೆಯಲ್ಲಿ ಟಿಬೆಟನ್–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿ, 1842ರಲ್ಲಿ ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡ. ಹುಡುಕಿದ ಬಂಧುಗಳು ಸಿಗಲಿಲ್ಲ. ಇನ್ನೊಂದು ಭಾಷೆಯ ಲೋಕ ವಿದ್ವತ್ತಿಗೆ ತೆರೆಯಿತು. ಮೂಲದ ಶೋಧ ಪ್ರತಿಮೆಗಿಂತ ನಿಘಂಟಿನಲ್ಲಿ ಕೊನೆಗೊಳ್ಳುವುದು ಮೇಲು.

ಲಾಂಛನಕ್ಕೆ ಸ್ಥಿರವಾದ ಒಂದು ಅರ್ಥವಿರದಿದ್ದರೆ ಜನರನ್ನು ಅದು ಒಗ್ಗೂಡಿಸುವುದು ಹೇಗೆ ಎಂಬ ಆಕ್ಷೇಪ ಬರಬಹುದು. ಇದಕ್ಕೆ ಉತ್ತರ ಹಂಗೇರಿಯ ರಾಷ್ಟ್ರಗೀತೆಯಲ್ಲಿಯೇ ಇದೆ. ಫೆರೆಂತ್ಸ್ ಕೊಲ್ಚೇಯಿ 1823ರ ಜನವರಿ 22ರಂದು ಪೂರ್ಣಗೊಳಿಸಿದ, ಫೆರೆಂತ್ಸ್ ಎರ್ಕೆಲ್ 1844ರಲ್ಲಿ ಸಂಗೀತ ಅಳವಡಿಸಿದ ಆ ಗೀತೆ ವಿಜಯಘೋಷವಲ್ಲ, ಪ್ರಾರ್ಥನೆ. ಜನಾಂಗದ ಪಾಪಗಳನ್ನು ಅದು ದೇವರ ಮುಂದೆ ಒಪ್ಪಿಕೊಳ್ಳುತ್ತದೆ, ಸೋಲುಗಳನ್ನು ಎಣಿಸುತ್ತದೆ, ಕೊನೆಗೆ ಕರುಣೆಯನ್ನು ಬೇಡುತ್ತದೆ. ತನ್ನ ಕಳಂಕವನ್ನು ತಾನೇ ಹಾಡುವ ಈ ಗೀತೆ ಪ್ರಭುತ್ವಗಳು ಬದಲಾದರೂ ಉಳಿಯಿತು. ಜನವರಿ 22 ಇಂದು ಹಂಗೇರಿಯನ್ ಸಂಸ್ಕೃತಿಯ ದಿನ. ಇದಕ್ಕೆ ವ್ಯತಿರಿಕ್ತವಾಗಿ, 1848ರ ಮಾರ್ಚ್ 15ರ ಕ್ರಾಂತಿಯ ನೆನಪಾಗಿ ಎಲ್ಲರೂ ಎದೆಯ ಮೇಲೆ ಧರಿಸುವ ತ್ರಿವರ್ಣದ ರಿಬ್ಬನ್ ಹೂವು 2002ರ ಚುನಾವಣೆಯ ಸಮಯದಲ್ಲಿ ಒಂದು ಪಕ್ಷದ ಬೆಂಬಲಿಗರ ಗುರುತಾಯಿತು. ಆಗ ಅದನ್ನು ಧರಿಸದವನೂ ಹಂಗೇರಿಯನ್ನನೇ ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಯಿತು. ಅರ್ಥವನ್ನು ಬಿಗಿಗೊಳಿಸಿದಾಗ ಚಿಹ್ನೆ ಒಡೆಯಿತು. ನೋವನ್ನು ಒಳಗೊಂಡ ಗೀತೆ ಒಗ್ಗೂಡಿಸಿತು.

ಆದುದರಿಂದ ಲಾಂಛನಗಳ ಅಧ್ಯಯನ ಗ್ರಂಥಸಂಪಾದನೆಯ ಶಿಸ್ತನ್ನು ಬೇಡುತ್ತದೆ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಾದರೂ ಉಳಿಸಬೇಕು. ಪ್ರಕ್ಷೇಪವನ್ನು ಪ್ರಕ್ಷೇಪವೆಂದೇ ತೋರಿಸಬೇಕು. ಲುಪ್ತವಾದ ಭಾಗವನ್ನು ಊಹೆಯಿಂದ ತುಂಬಿ ಮರೆಮಾಚಬಾರದು. ಜಿನಬಿಂಬಗಳ ಶಿಲ್ಪಿಗೆ ಈ ವಿವೇಕವಿತ್ತು. ಅವನು ಲಾಂಛನವನ್ನು ಕೆತ್ತಿದ್ದು ಪೀಠದಲ್ಲಿ, ತೀರ್ಥಂಕರನ ನೆತ್ತಿಯ ಮೇಲಲ್ಲ. ಯಾರೆಂದು ಗುರುತಿಸಲು ಅದು ಬೇಕು. ಪೂಜೆ ಮಾತ್ರ ಅದಕ್ಕೆ ಸಲ್ಲುವುದಿಲ್ಲ.