ಪಾಠ ಕಟ್ಟುವವರಿಗೆ ಹುದ್ದೆ ಎಲ್ಲಿದೆ?

ಇನ್‌ಸ್ಟ್ರಕ್ಷನಲ್ ಡಿಸೈನ್ (ಪಾಠ ವಿನ್ಯಾಸ) ಮತ್ತು ಕಲಿಕಾ ತಂತ್ರಜ್ಞಾನದಲ್ಲಿ ಕೆಲಸವಿದೆ. ಕನ್ನಡ ಶಾಲೆಗಾಗಿ ಮಾಡುವ ಕೆಲಸ ಮಾತ್ರ ಇಲ್ಲ. ಸಾಗರದ ಎಲ್‌ಬಿ ಕಾಲೇಜಿನಲ್ಲೋ ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯದಲ್ಲೋ ಪದವಿ ಮುಗಿಸಿ ಈ ದಾರಿ ಹಿಡಿದವರು ಕೊನೆಗೆ ಬೆಂಗಳೂರು ಸೇರಿ, ಬ್ಯಾಂಕು, ಔಷಧ ಕಂಪನಿ, ಸಾಫ್ಟ್‌ವೇರ್ ಸಂಸ್ಥೆಗಳ ನೌಕರರಿಗೆ ಇಂಗ್ಲಿಷಿನಲ್ಲಿ ತರಬೇತಿ ಪಾಠ ತಯಾರಿಸುತ್ತಾರೆ. ವಿಷಯ ತಜ್ಞರು ಕೊಟ್ಟ ಪುಟಗಟ್ಟಲೆ ಸರಕನ್ನು ಸೋಸಿ, ಸ್ಟೋರಿಬೋರ್ಡ್ ಬರೆದು, ನಡುನಡುವೆ ಪ್ರಶ್ನೆ ಕೂರಿಸಿ ಎಲ್‌ಎಂಎಸ್‌ಗೆ (ಕಲಿಕೆ ನಿರ್ವಹಿಸುವ ತಂತ್ರಾಂಶಕ್ಕೆ) ಏರಿಸುವ ಕೆಲಸ ಅದು. ಕನ್ನಡಕ್ಕೆ ಉಳಿಯುವುದು ಬಹುಪಾಲು ಅನುವಾದ, ಅದೂ ಗುತ್ತಿಗೆಯ ಮೇಲೆ.

2025ರ ಕೇಂದ್ರ ಬಜೆಟ್ ಸರ್ಕಾರಿ ಪ್ರೌಢಶಾಲೆಗಳಿಗೆ ಬ್ರಾಡ್‌ಬ್ಯಾಂಡ್, ಶಿಕ್ಷಣಕ್ಕೆಂದೇ 500 ಕೋಟಿ ರೂಪಾಯಿಯ ಎಐ ಕೇಂದ್ರ ಘೋಷಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ವರದಿ ಒಪ್ಪಿಸಿತು. ಆಮೇಲಿನ ಚರ್ಚೆಯೆಲ್ಲ ಎರಡು ಭಾಷೆಯೋ ಮೂರು ಭಾಷೆಯೋ ಎಂಬುದರ ಸುತ್ತಲೇ ಗಿರಕಿ ಹೊಡೆಯಿತು. ಕೇಬಲ್ ಯಾರು ಎಳೆಯುತ್ತಾರೆ ಎಂಬುದು ಗೊತ್ತಿದೆ; ಅದರಲ್ಲಿ ಹರಿಯಬೇಕಾದ ಪಾಠವನ್ನು ಯಾರು ಕಟ್ಟುತ್ತಾರೆ, ಅವರ ಸಂಬಳ ಯಾವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ ಎಂದು ಕೇಳಿದವರು ಕಡಿಮೆ.

ಈ ಗದ್ದಲದಲ್ಲಿ ಮರೆತೇಹೋದ ಲೆಕ್ಕವೊಂದಿದೆ: ಏಳರಲ್ಲಿ ಎರಡು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ಡಯಟ್‌ಗಳಿಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಿಗೆ) 1989ರ ಮಾರ್ಗಸೂಚಿ ಏಳು ವಿಭಾಗಗಳನ್ನು ಗೊತ್ತುಮಾಡಿತ್ತು. ಒಂದು, ಪಠ್ಯಕ್ರಮ, ಸಾಮಗ್ರಿ ತಯಾರಿಕೆ ಮತ್ತು ಮೌಲ್ಯಮಾಪನ. ಇನ್ನೊಂದು, ಶೈಕ್ಷಣಿಕ ತಂತ್ರಜ್ಞಾನ. ಇಂದು ಕಂಪನಿಗಳು ಹೊಸ ವೃತ್ತಿಯೆಂದು ಜಾಹೀರಾತು ಕೊಡುವ ಎರಡೂ ಕೆಲಸಗಳು ಜಿಲ್ಲಾ ಮಟ್ಟದಲ್ಲಿ ಸರ್ಕಾರಿ ಕಾಗದದ ಮೇಲೆ ಮೂವತ್ತೈದಕ್ಕೂ ಹೆಚ್ಚು ವರ್ಷಗಳಿಂದ ಇವೆ. ಆದರೆ ರಾಜ್ಯದಲ್ಲಿ ಡಯಟ್‌ನ ಹುದ್ದೆಗಳು ಇಲಾಖೆಯ ಆಡಳಿತ ವೃಂದದೊಂದಿಗೇ ಬೆಸೆದುಕೊಂಡಿವೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಗಿದ್ದವರು ವರ್ಗವಾಗಿ ಇಲ್ಲಿಗೆ ಬರುತ್ತಾರೆ, ಇಲ್ಲಿದ್ದವರು ಬಿಇಒ ಆಗಿ ಹೋಗುತ್ತಾರೆ. ಪಾಠ ಕಟ್ಟುವ ಪರಿಣತಿ ಇಲ್ಲಿ ಹುದ್ದೆಗೆ ಅರ್ಹತೆಯೂ ಅಲ್ಲ, ಬಡ್ತಿಗೆ ಮೆಟ್ಟಿಲೂ ಅಲ್ಲ.

ಕನ್ನಡದಲ್ಲಿ ಅಂಥ ಪರಿಣತರೇ ಇಲ್ಲ ಎಂಬ ಸಬೂಬು ನಿಲ್ಲುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿ ನೋಡಿಬಂದು, ಯುನಿಸೆಫ್ ನೆರವಿನಲ್ಲಿ ನಲಿ-ಕಲಿ ಎಂಬ ಕಲಿಕಾ ಪದ್ಧತಿ ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಯಾವುದೆಂದು ಮಗು ತಾನೇ ನೋಡಿಕೊಳ್ಳುತ್ತದೆ. ಆ ಮೆಟ್ಟಿಲಿನ ಚಿತ್ರವಿರುವ ಕಾರ್ಡನ್ನು ಹುಡುಕಿ ತೆಗೆದು, ಅದಕ್ಕೆ ಹೊಂದುವ ‘ತಟ್ಟೆ’ಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ತಟ್ಟೆಗಳು ಐದು: ಒಂದರಲ್ಲಿ ಶಿಕ್ಷಕರು ಪೂರ್ತಿ ಜೊತೆಗಿದ್ದರೆ, ಇನ್ನೊಂದರಲ್ಲಿ ಗೆಳೆಯರು ನೆರವಾಗುತ್ತಾರೆ, ಕೊನೆಯದರಲ್ಲಿ ಮಗು ಒಬ್ಬಂಟಿಯಾಗಿ ಕಲಿಯುತ್ತದೆ. ವಾರ ಕಾಲ ಶಾಲೆ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆಷಾಢದ ಮಳೆಗೆ ಹಳ್ಳ ತುಂಬಿ ದಾರಿ ಕಟ್ಟುವ ಹೊಸನಗರದ ಒಂಟಿ ಮನೆಗಳ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ. ನಲಿ-ಕಲಿಗೆ ಟೀಕಾಕಾರರೂ ಇದ್ದಾರೆ, ಆ ಟೀಕೆಗಳಲ್ಲಿ ಹುರುಳೂ ಇದೆ. ಆದರೆ ಕನ್ನಡದಲ್ಲಿ ಇಷ್ಟು ದೊಡ್ಡ ಪ್ರಮಾಣದ ಪಾಠ ವಿನ್ಯಾಸ ಬೇರೆ ನಡೆದಿಲ್ಲ. ಅದನ್ನು ಕಟ್ಟಿದವರಿಗೆ ಅದರಿಂದ ಒಂದು ವೃತ್ತಿಯಾಗಲಿಲ್ಲ.

ತಂತ್ರಜ್ಞಾನದ ಕಡೆಯ ಕಥೆ ಇನ್ನೂ ಬೇಸರದ್ದು. ಕಂಪ್ಯೂಟರ್ ಕೊಠಡಿಗಳನ್ನು ರಾಜ್ಯ ಖಾಸಗಿ ಏಜೆನ್ಸಿಗಳಿಗೆ ವಹಿಸಿತು; ಗುತ್ತಿಗೆ ಮುಗಿದಾಗ ಕಂಪ್ಯೂಟರ್ ಶಿಕ್ಷಕರೂ ಮನೆಗೆ ಹೋದರು. ಕೇರಳ 2001ರಲ್ಲಿ ಶುರುಮಾಡಿದ ಐಟಿ@ಸ್ಕೂಲ್ ಯೋಜನೆಯಲ್ಲಿ ಕಾಯಂ ಶಿಕ್ಷಕರನ್ನೇ ಮಾಸ್ಟರ್ ಟ್ರೇನರ್‌ಗಳನ್ನಾಗಿ ಬೆಳೆಸಿತು. 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. 2020ರಲ್ಲಿ ಶಾಲೆ ಮುಚ್ಚಿದಾಗ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ‘ಫಸ್ಟ್ ಬೆಲ್’ ಪಾಠಗಳು ಕನ್ನಡದಲ್ಲೂ ತಯಾರಾದವು. ಅದೇ ಹೊತ್ತಿಗೆ ಲಿಂಗನಮಕ್ಕಿ ಹಿನ್ನೀರಿನ ಆಚೆ ಈಚೆ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತುತ್ತಿದ್ದರು. ಮರುವರ್ಷ ಸಾಗರ, ಹೊಸನಗರದ ಊರುಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂಬ ಅಭಿಯಾನ ಎದ್ದಿತು. ಲಿಂಗನಮಕ್ಕಿಯ 1964ರ ಅಣೆಕಟ್ಟೆಯ ನೀರು ಕಡಿದುಹಾಕಿದ ತುಮರಿ ಸೀಮೆಗೆ ಸೇತುವೆ ತೆರೆದದ್ದು 2025ರ ಜುಲೈ 14ರಂದು. ಇಂಥ ಕಡೆ ಸದಾ ಇಂಟರ್‌ನೆಟ್ ಬೇಡುವ ಪಾಠ ವಿನ್ಯಾಸದಲ್ಲೇ ಸೋತಂತೆ. ಆಫ್‌ಲೈನ್‌ನಲ್ಲಿ ನಡೆಯುವ, ಹಲವು ತರಗತಿ ಒಟ್ಟಿಗೆ ಕೂರುವ ಶಾಲೆಗೆ ಒಗ್ಗುವ ಪಾಠ ಬೇಕು. ಅದನ್ನು ಕಟ್ಟಲು ಆ ಶಾಲೆ ಬಲ್ಲವರೇ ಬೇಕು.

ಖಾಸಗಿ ಎಡ್‌ಟೆಕ್ ಈ ಜಾಗ ತುಂಬುತ್ತದೆ ಎಂಬ ನಂಬಿಕೆಗೂ ಆಧಾರ ಉಳಿದಿಲ್ಲ. 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಬೈಜೂಸ್ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು.

ಸದ್ಯಕ್ಕೆ ಈ ವೃತ್ತಿಗೆ ಬರುವ ಮಲೆನಾಡಿನ ಪದವೀಧರರು ಇಂಗ್ಲಿಷ್ ಬರವಣಿಗೆ ಗಟ್ಟಿಮಾಡಿಕೊಂಡು, ತಾವೇ ಮಾಡಿದ ಎರಡು ಮೂರು ಪಾಠಗಳನ್ನು ಕೈಯಲ್ಲಿಟ್ಟುಕೊಂಡು ಬೆಂಗಳೂರಿಗೆ ಹೋಗುವುದೇ ವಾಸಿ. ಅವರನ್ನು ಇಲ್ಲೇ ಉಳಿಸಿಕೊಳ್ಳಬೇಕಿದ್ದರೆ ಸರ್ಕಾರ ಹೊಸ ಅಕಾಡೆಮಿ ಕಟ್ಟಬೇಕಿಲ್ಲ. ಪ್ರತಿ ಡಯಟ್‌ನ ಆ ಎರಡು ವಿಭಾಗಗಳ ಹುದ್ದೆಗಳನ್ನು ವರ್ಗಾವಣೆ ಪಟ್ಟಿಯಿಂದ ಹೊರಗಿಟ್ಟು, ಪಾಠ ಕಟ್ಟಿ ತೋರಿಸಿದವರಿಗೆ ನೇರ ನೇಮಕಾತಿಯಲ್ಲಿ ಕೊಡಲಿ.