ಅಂಗಳದ ಮೇಲಣ ಕಾಣದ ಗುಳ್ಳೆ

ಸಿ.ಎಸ್. ಪುರದಂತಹ ಊರಿನಲ್ಲಿ ಬೇಸಗೆಯ ಇರುಳು ಅಂಗಳದಲ್ಲಿ ಚಾಪೆ ಹಾಸಿ ಮಲಗುವವರಿಗೆ ಆಕಾಶಗಂಗೆ ಹೊಸದಲ್ಲ. ದೀಪಗಳು ಆರಿ, ನಡುರಾತ್ರಿ ಕಳೆದ ಮೇಲೆ, ತೆಂಗಿನ ಗರಿಗಳ ಆಚೆ ಧನು ರಾಶಿಯ ಬಳಿ ಆ ಬಿಳಿಯ ಹೊನಲು ದಟ್ಟವಾಗಿ ತೋರುತ್ತದೆ. ಅದೇ ದಿಕ್ಕಿನಲ್ಲಿ, ಸುಮಾರು 26,000 ಜ್ಯೋತಿರ್ವರ್ಷಗಳ ದೂರದಲ್ಲಿ, ಸೂರ್ಯನೂ ಸೇರಿದ ನಕ್ಷತ್ರಸಮೂಹದ ಕೇಂದ್ರವಿದೆ. ಅಲ್ಲಿಂದ ಉಬ್ಬಿ, ನೋಡುವವನ ನೆತ್ತಿಯವರೆಗೂ ಆಕಾಶವನ್ನು ತುಂಬಿರುವ ಬಿಸಿ ಅನಿಲದ ಗುಳ್ಳೆಯೊಂದು ಮಾತ್ರ ಯಾರ ಕಣ್ಣಿಗೂ ಬೀಳದು.

ಲಕ್ಷಾಂತರ ಡಿಗ್ರಿ ಕಾದ ಅನಿಲವು ಬಹುಮಟ್ಟಿಗೆ ಕ್ಷ-ಕಿರಣಗಳನ್ನು ಚೆಲ್ಲುತ್ತದೆ. ಆಸ್ಪತ್ರೆಯಲ್ಲಿ ಮೂಳೆಯ ಚಿತ್ರ ತೆಗೆಯುವ ಕಿರಣಗಳ ಜಾತಿಯವೇ ಇವು. ಆಕಾಶದಿಂದ ಬರುವ ಇವುಗಳನ್ನು ವಾಯುಮಂಡಲವು ದಾರಿಯಲ್ಲೇ ಹೀರಿಬಿಡುತ್ತದೆ. ಜೀವಿಗಳಿಗೆ ಅದು ರಕ್ಷೆ, ಖಗೋಳಜ್ಞನಿಗೆ ಪರದೆ. ಆದಕಾರಣ ದೂರದರ್ಶಕವನ್ನೇ ಗಗನಕ್ಕೆ ಏರಿಸಬೇಕಾಯಿತು. 2019ರ ಜುಲೈಯಲ್ಲಿ ಹಾರಿದ ‘ಇರೋಸಿಟಾ’ ಎಂಬ ಜರ್ಮನ್ ದೂರದರ್ಶಕವು ಇಡೀ ಆಕಾಶದ ಚಿತ್ರ ತೆಗೆದಾಗ, 2020ರಲ್ಲಿ ಸೋಜಿಗವೊಂದು ಹೊರಬಿತ್ತು: ಆಕಾಶಗಂಗೆಯ ತಟ್ಟೆಯ ಮೇಲೊಂದು, ಕೆಳಗೊಂದು ಗುಳ್ಳೆ, ಒಂದೊಂದೂ ಸುಮಾರು 45,000 ಜ್ಯೋತಿರ್ವರ್ಷ ಚಾಚಿದೆ. 2010ರಲ್ಲಿ ‘ಫರ್ಮಿ’ ಉಪಗ್ರಹವು ಗಾಮಾ ಕಿರಣಗಳಲ್ಲಿ ಕಂಡಿದ್ದ ಜೋಡಿ ಗುಳ್ಳೆಗಳು ಇವುಗಳ ಒಡಲೊಳಗೇ ಇದ್ದವು.

ಇವನ್ನು ಊದಿದವರು ಯಾರು? ಕೇಂದ್ರದಲ್ಲಿ ಸುಮಾರು 40 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿಯೊಂದಿದೆ. ಹಿಂದೊಮ್ಮೆ ಅನಿಲವನ್ನು ನುಂಗುತ್ತ ಅದು ಕೆರಳಿ ಉಗುಳಿದ ಶಕ್ತಿಯೇ ಕಾರಣವೆಂಬುದು ಒಂದು ಪಕ್ಷ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಿಮನ್ ನಾಥ್, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತೀಕ್ ಶರ್ಮಾ ಮತ್ತು ಅವರ ಸಂಗಡಿಗರು 2015ರಲ್ಲಿ ಗಣಕಯಂತ್ರದ ಲೆಕ್ಕಾಚಾರದಿಂದ ಇನ್ನೊಂದು ಪಕ್ಷವನ್ನು ಎತ್ತಿಹಿಡಿದರು: ಕೇಂದ್ರದ ಸುತ್ತ ಹುಟ್ಟಿ, ಬಾಳಿ, ಸಿಡಿದು ಸತ್ತ ನಕ್ಷತ್ರಗಳು ಎಬ್ಬಿಸಿದ ಗಾಳಿ ಕೋಟ್ಯಂತರ ವರ್ಷ ಬೀಸಿದರೆ ಸಾಕು, ಇಂತಹ ಗುಳ್ಳೆ ತಾನಾಗಿ ಉಬ್ಬುತ್ತದೆ. ಒಂದು ಸಿಡಿಲಿನ ಹೊಡೆತವಲ್ಲ, ಒಲೆಯ ಸಣ್ಣ ಉರಿ.

ಈ ವ್ಯಾಜ್ಯ ಇನ್ನೂ ತೀರಿಲ್ಲ. ತೀರ್ಪಿಗೆ ಅಂಟಿಕೊಂಡಿರುವುದು ಸಣ್ಣ ಮಾತೂ ಅಲ್ಲ. ನಕ್ಷತ್ರಗಳು ಹುಟ್ಟುವುದು ತಣ್ಣನೆಯ ಅನಿಲದಿಂದ. ಆ ಅನಿಲವನ್ನು ಕಾಯಿಸಿ ಹೊರದೂಡುವ ಗುಳ್ಳೆಗಳು ಮುಂದೆ ಹುಟ್ಟಲಿರುವ ಸೂರ್ಯರ ಸಂಖ್ಯೆಯನ್ನೇ ಹೆಚ್ಚುಕಡಿಮೆ ಮಾಡಬಲ್ಲವು. ಅಂಗಳದಲ್ಲಿ ಮಲಗಿದ ಮಗು ಬೆರಳು ತೋರಿ ನಕ್ಷತ್ರಗಳನ್ನು ಎಣಿಸುತ್ತಿರುವಾಗ, ಆ ನಕ್ಷತ್ರಗಳ ಹಿಂದೆ ಅವುಗಳ ಸಂತತಿಯ ಲೆಕ್ಕವನ್ನು ಬರೆಯುವ ಗುಳ್ಳೆಯು ಸದ್ದಿಲ್ಲದೆ ನಿಂತಿರುತ್ತದೆ.